ಮೂರನೆಯ ಕಲ್ಲು

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 6.50ಕ್ಕೆ ಕೊಡಿಗೇನಹಳ್ಳಿ ಪೊಲೀಸ್ ಠಾಣೆಯ ಫೋನ್ ಹೊಡೆದುಕೊಂಡಿತು. ಪಾಳಿ ಮುಗಿಸಿ ಟೋಪಿ ತೆಗೆದಿಟ್ಟಿದ್ದ ಹೆಡ್ ಕಾನ್‌ಸ್ಟೆಬಲ್ ನರಸಿಂಹರಾಜು ಆಕಳಿಸುತ್ತಲೇ ರಿಸೀವರ್ ಎತ್ತಿದರು.

"ಸಾರ್, ಇಮಾನದ ರೋಡ್ ಮೇಲೆ ಈಗ ಇಳ್ದು ಎದ್ದೋಯ್ತಲ್ಲ, ಆ ಇಮಾನದ ಕಾಲು ಮುರ್ದೋಗೈತೆ. ಎಲ್ಲೂ ಇಳೀಬ್ಯಾಡ ಅಂತ ಯೋಳ್ಬುಡಿ ಅದ್ಕೆ."

"ಇಮಾನಕ್ಕೆ ಯಾವ ಕಾಲಲಾ? ಬೆಳಿಗ್ಗೆ ಬೆಳಿಗ್ಗೇನೇ ಏರ್ಸ್ಕಂಡಿದ್ದೀಯಾ?"

"ಕಾಲು ಅಂದ್ರೆ ಗಾಲಿ ಸಾರ್! ಗಾಲಿ!"

ಆ ಗಂಡಸಿನ ಬೆನ್ನ ಹಿಂದೆ ಒಂದು ಹೆಂಗಸಿನ ದನಿ ಏದುಸಿರಿನಲ್ಲಿ ಕೂಗುತ್ತಿತ್ತು: "ಎಡಗಡೇದು ಅನ್ನಣ್ಣೋ. ಎಡಗಡೇದು ನೇತಾಡ್ತೈತೆ ಅನ್ನು." ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಆಗತಾನೆ ಒಳಗೆ ಬಂದ ಸಬ್ ಇನ್‌ಸ್ಪೆಕ್ಟರ್ ಶ್ರೀಲತಾ ಅವರಿಗೆ ನರಸಿಂಹರಾಜು ನಗುತ್ತ ವಿಷಯ ಹೇಳಿದರು. ಶ್ರೀಲತಾ ನಗಲಿಲ್ಲ. ಊರಾಚೆ ಇದ್ದ ಆ ಟಾರು ಪಟ್ಟಿ ಒಂದು ಖಾಸಗಿ ಪೈಲಟ್ ತರಬೇತಿ ಸಂಸ್ಥೆಯದು. ಸಂಸ್ಥೆಯ ಮುಖ್ಯ ರನ್‌ವೇ ಇರುವುದು ಶಿರಾ ಕಡೆ. ಕಲಿಯುವವರು ಅಲ್ಲಿಂದ ಹಾರಿಬಂದು, ಇಲ್ಲಿ ಚಕ್ರ ತಾಕಿಸಿ ಮತ್ತೆ ಮೇಲೇರುವ ಅಭ್ಯಾಸ ಮಾಡಿ ಹೋಗುತ್ತಿದ್ದರು. ಸುತ್ತಲಿನವರು ಅದನ್ನು ಕರೆಯುತ್ತಿದ್ದದ್ದೇ ಇಮಾನದ ರೋಡು ಎಂದು.

"ಸಂಸ್ಥೆಗೆ ಫೋನ್ ಹಾಕಿ."

"ಮೇಡಂ, ಯಾರೋ ಕುಡ್ದಿರೋನು..."

"ಸುಳ್ಳಾದ್ರೆ ಬೈಸ್ಕೊಳ್ಳೋಣ ರಾಜಣ್ಣ. ನಿಜವಾದ್ರೆ?"

ಸಂಸ್ಥೆಯ ಮ್ಯಾನೇಜರ್ ಪ್ರಸನ್ನ ಕುಮಾರ್ ಮೊದಲು ಒಪ್ಪಲಿಲ್ಲ. ವಿಮಾನದಲ್ಲಿ ಇರುವುದು ಒಬ್ಬಳೇ, ಶಿರಾದ ಹುಡುಗಿ ರಕ್ಷಾ, ವಯಸ್ಸು ಇಪ್ಪತ್ತೊಂದು; ಏನೂ ತೊಂದರೆ ಇಲ್ಲವೆಂದು ಈಗಷ್ಟೇ ರೇಡಿಯೋದಲ್ಲಿ ಹೇಳಿದ್ದಾಳೆ, ಇನ್ನೈದು ನಿಮಿಷದಲ್ಲಿ ಇಳಿಯುತ್ತಾಳೆ ಎಂದರು.

"ಇಳಿಸ್ಬೇಡಿ. ಒಂದು ಸಲ ತಗ್ಗಿನಲ್ಲಿ ಹಾರಿಸಿ, ಕೆಳಗಿಂದ ಕಣ್ಣಾರೆ ನೋಡಿ. ನಾನು ಲೈನಲ್ಲೇ ಇರ್ತೀನಿ."

ಫೋನಿನಲ್ಲಿ ವಿಮಾನದ ಸದ್ದು ಹತ್ತಿರ ಬಂದು ದೂರವಾಯಿತು. ಮತ್ತೆ ಮಾತನಾಡುವಾಗ ಮ್ಯಾನೇಜರ್ ದನಿ ಬದಲಾಗಿತ್ತು. ಎಡ ಚಕ್ರದ ಕಂಬ ಮುರಿದು ಜೋತಾಡುತ್ತಿತ್ತು.

ಪೆಟ್ರೋಲು ಖಾಲಿಯಾಗುವ ತನಕ ರಕ್ಷಾ ಆಕಾಶದಲ್ಲಿ ಸುತ್ತಿದಳು. ಶ್ರೀಲತಾ ಅಷ್ಟೂ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಮನೆಯಿಂದ ತಂದಿದ್ದ ಚಿತ್ರಾನ್ನದ ಡಬ್ಬಿ ಮುಚ್ಚಿದಂತೆಯೇ ಉಳಿಯಿತು. 9.20ಕ್ಕೆ ಶಿರಾ ಕಡೆಯ ಮುಖ್ಯ ರನ್‌ವೇಯಲ್ಲಿ ವಿಮಾನ ಬಲ ಚಕ್ರದ ಮೇಲೆ ಇಳಿದು, ವೇಗ ತಗ್ಗಿದ ಮೇಲೆ ಎಡಕ್ಕೆ ವಾಲಿ, ರೆಕ್ಕೆಯನ್ನು ನೆಲಕ್ಕೆ ಉಜ್ಜುತ್ತ ಹೋಗಿ ನಿಂತಿತು. ಬೆಂಕಿ ಹೊತ್ತಿಕೊಳ್ಳಲಿಲ್ಲ. ಹುಡುಗಿಯ ಮಣಿಕಟ್ಟು ಮುರಿದಿತ್ತು. ಜೀವ ಉಳಿದಿತ್ತು.

ಮಧ್ಯಾಹ್ನ ಪ್ರಸನ್ನ ಕುಮಾರ್ ಠಾಣೆಗೆ ಬಂದರು, ಟೈಪು ಮಾಡಿದ ದೂರಿನೊಂದಿಗೆ. ತರಬೇತಿಯಲ್ಲಿದ್ದ ರಕ್ಷಾ ಅಜಾಗರೂಕತೆಯಿಂದ ವಿಮಾನವನ್ನು ನೆಲಕ್ಕೆ ಅಪ್ಪಳಿಸಿ ಹಾನಿ ಮಾಡಿದ್ದಾಳೆ, ಕ್ರಮ ಕೈಗೊಳ್ಳಬೇಕು ಎಂದಿತ್ತು ಅದರಲ್ಲಿ.

"ಇಲ್ಲಿನ ರನ್‌ವೇ ಮೇಲೆ ಏನಾದ್ರೂ ಇತ್ತಾ?"

"ಏನೂ ಇರ್ಲಿಲ್ಲ ಮೇಡಂ. ಕ್ಲೀನಾಗಿತ್ತು."

"ನೀವು ನೋಡಿದ್ರಾ?"

"ದಿನಾ ಗುಡಿಸ್ತೀವಿ."

"ನೋಡಿದ್ರಾ ಅಂತ ಕೇಳ್ದೆ."

ಪ್ರಸನ್ನ ಕುಮಾರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ಶ್ರೀಲತಾ ಆಸ್ಪತ್ರೆಗೆ ಹೋಗಿ ರಕ್ಷಾಳ ಹೇಳಿಕೆ ಬರೆದುಕೊಂಡರು. ಬ್ಯಾಂಡೇಜು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು: "ಮೆತ್ತಗೇ ಇಳಿಸಿದ್ದೆ ಮೇಡಂ. ಒಂದು ಸಲ ದಡ್ ಅಂತು. ಗುಂಡಿ ಇರ್ಬೇಕು ಅಂದ್ಕೊಂಡು ಮೇಲೆತ್ಬಿಟ್ಟೆ. ಪಕ್ಕದಲ್ಲಿ ಏನೋ ಕೆಂಪಗೆ ಓಡಿದ ಹಾಗಾಯ್ತು."

"ಏನು, ಬಟ್ಟೆನಾ?"

"ಗೊತ್ತಾಗ್ಲಿಲ್ಲ. ನಾನು ಸುಳ್ಳು ಹೇಳ್ತಿದ್ದೀನಿ ಅಂತಾರೆ ಅವ್ರು. ನನ್ ಮೇಲೆ ಕೇಸಾದ್ರೆ ಮತ್ತೆ ಹಾರೋಕೆ ಬಿಡಲ್ಲ, ಅಲ್ವಾ?"

ಶ್ರೀಲತಾ ಸಮಾಧಾನದ ಮಾತು ಹೇಳಲಿಲ್ಲ. "ನೋಡ್ತೀನಿ ಇರಮ್ಮ" ಎಂದು ಎದ್ದರು. ಆ ಹೇಳಿಕೆಯನ್ನೇ ದೂರಾಗಿ ಪರಿಗಣಿಸಿ, ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಿದರು. ಇತರರ ಪ್ರಾಣಕ್ಕೆ ಅಪಾಯ ತಂದ ಕೃತ್ಯ, ಭಾರತೀಯ ನ್ಯಾಯ ಸಂಹಿತೆ ಕಲಂ 125.

ಸಂಜೆ ನಾಲ್ಕಕ್ಕೆ ಪಂಚರ ಸಮ್ಮುಖದಲ್ಲಿ ಸ್ಥಳ ಪರಿಶೀಲನೆ ನಡೆಯಿತು. ದಾರಿಯುದ್ದಕ್ಕೂ ರೈತರು ಒಕ್ಕಣೆಗೆಂದು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಜೀಪು ಅದನ್ನು ತುಳಿದುಕೊಂಡೇ ಬಂದಿತ್ತು. ಆದರೆ ಇಮಾನದ ರೋಡಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ನಡುಭಾಗವನ್ನು ಯಾರೋ ಆಗತಾನೆ ಗುಡಿಸಿದ್ದರು. ಪೊರಕೆಯ ಗೀರುಗಳು ಧೂಳಿನಲ್ಲಿ ಇನ್ನೂ ಇದ್ದವು.

"ಅಲ್ಲ ರಾಜಣ್ಣ, ದಿನಾ ಗುಡಿಸೋರು ಪೂರ್ತಿ ಗುಡಿಸ್ಬೇಕಲ್ವಾ? ಮಧ್ಯ ನಾಕು ಮಾರು ಮಾತ್ರ ಯಾಕೆ?"

ಗುಡಿಸಿದ ಜಾಗದಲ್ಲಿ ಟಾರು ಕಿತ್ತು ಬಂದಿತ್ತು. ಶ್ರೀಲತಾ ಅಲ್ಲಿ ಕೂತು, ವಿಮಾನ ಸಾಗಿದ ದಿಕ್ಕಿಗೆ ಕಣ್ಣು ನೆಟ್ಟರು. ಆಮೇಲೆ ಎದ್ದು ನೇರ ಅತ್ತಲೇ ನಡೆದರು. ಪಟ್ಟಿಯಾಚೆ ಬಳ್ಳಾರಿ ಜಾಲಿಯ ಪೊದೆ. ನರಸಿಂಹರಾಜು ಲಾಠಿಯಿಂದ ಮುಳ್ಳು ಸರಿಸಿದರು. ಆದರೂ ಇಬ್ಬರ ಕೈಯಲ್ಲೂ ರಕ್ತ ಬಂತು. ಬುಡದಲ್ಲಿ ಒಂದು ಕಲ್ಲು ಸಿಕ್ಕಿತು. ಅರ್ಧಚಂದ್ರದಂತಿತ್ತು. ಒಂದು ಮೈ ಸವೆದು ನುಣುಪಾಗಿ, ನಡುವೆ ಅರ್ಧ ತೂತು. ಅಂಚಿನಲ್ಲಿ ಕಪ್ಪು ರಬ್ಬರು ಅಂಟಿಕೊಂಡಿತ್ತು.

"ಬೀಸೋ ಕಲ್ಲು ಮೇಡಂ. ಒಡ್ದೋಗಿರೋ ಹೋಳು."

"ಇನ್ನೊಂದು ಹೋಳು ಯಾರ ಮನೇಲಿದೆಯೋ," ಎಂದರು ಶ್ರೀಲತಾ. ಕಲ್ಲನ್ನು ಪಂಚನಾಮೆಯಡಿ ವಶಕ್ಕೆ ಪಡೆದರು.

ಬೆಳಗಿನ ಫೋನು ಬಂದ ನಂಬರ್ ಪತ್ತೆಯಾಯಿತು. ಅದು ಪಕ್ಕದ ಕರೇಕಲ್ಲುಪಾಳ್ಯದ ಹಾಲಿನ ಡೈರಿಯ ಕಾರ್ಯದರ್ಶಿ ದೇವರಾಜುವಿನದು. ಮಾರನೆಯ ದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಶ್ರೀಲತಾ, ನರಸಿಂಹರಾಜು ಅವರೊಂದಿಗೆ, ಡೈರಿಯ ಮುಂದೆ ಜೀಪಿನಿಂದ ಇಳಿದರು. ಕ್ಯಾನು ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಜಾರಿದರು.

"ಪೋಲೀಸ್ನೋರ್ನ ಕಂಡ್ರೆ ಹಾಲೂ ಒಡ್ದೋಗ್ತೈತೆ," ಎಂದು ದೇವರಾಜು ಹುಳ್ಳಗೆ ನಕ್ಕ.

"ಫೋನ್ ಮಾಡಿದ್ದು ನೀನೇನಾ?"

"ನಾನೇ ಮೇಡಂ."

"ಚಕ್ರ ಮುರಿದಿದ್ದು ಕಣ್ಣಾರೆ ಕಂಡ್ಯಾ?"

"ಕಂಡೆ. ಇಲ್ಲೇ ನಿಂತಿದ್ದೆ."

ಶ್ರೀಲತಾ ತಿರುಗಿ ನೋಡಿದರು. ಡೈರಿಗೂ ಇಮಾನದ ರೋಡಿಗೂ ನಡುವೆ ಕರೇಕಲ್ಲು ಗುಟ್ಟೆ ಎಂಬ ಬಂಡೆಗುಡ್ಡ ಅಡ್ಡವಾಗಿ ಬಿದ್ದುಕೊಂಡಿತ್ತು.

"ಗುಟ್ಟೆ ತೂರಿಕೊಂಡು ಕಾಣುತ್ತಾ ನಿಂಗೆ?"

ದೇವರಾಜು ತಲೆ ತಗ್ಗಿಸಿ ಹಾಲಿನ ಅಳತೆ ಪಾತ್ರೆ ಒರೆಸತೊಡಗಿದ.

"ನಿನ್ನ ಹಿಂದೆ ಕೂಗ್ತಿದ್ದ ಹೆಂಗಸು ಯಾರು?"

"ಯಾರೂ ಇರ್ಲಿಲ್ಲ ಮೇಡಂ."

"ಸರಿ. ಅವಳು ಸಿಕ್ಕಿದ್ರೆ ಒಂದು ಮಾತು ಹೇಳು. ವಿಮಾನ ಓಡಿಸ್ತಿದ್ದ ಮಗು ಬದುಕಿದೆ. ಆದ್ರೆ ಕಲ್ಲೇ ಇರ್ಲಿಲ್ಲ, ತಪ್ಪೆಲ್ಲ ಅದರದೇ ಅಂತ ಬರೆದುಕೊಟ್ಟಿದ್ದಾರೆ. ಕಣ್ಣಾರೆ ಕಂಡೋರು ಒಬ್ಬರು ಬಾಯಿ ಬಿಡದಿದ್ರೆ ಅದರ ಬಾಳು ಅಲ್ಲಿಗೇ ನಿಂತೋಗುತ್ತೆ."

ದೇವರಾಜು ತಲೆ ಎತ್ತಲಿಲ್ಲ. ಆದರೆ ಅವನ ಕಣ್ಣು ಒಂದು ಗಳಿಗೆ ಊರ ಕೊನೆಯ ಮನೆಯ ಕಡೆ ಹೋಗಿ ಬಂತು. ಶ್ರೀಲತಾಗೆ ಅಷ್ಟು ಸಾಕಾಯಿತು.

ಕೊನೆಯ ಮನೆಯ ಬಾಗಿಲಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟಗಿತ್ತು; ಪಕ್ಕದಲ್ಲಿ ಊರುಗೋಲು. ಕೂತಿದ್ದದ್ದು ಮೆಟ್ಟಿಲಿಗೆಂದು ಹಾಕಿದ್ದ ಅರ್ಧಚಂದ್ರದ ಕಲ್ಲಿನ ಮೇಲೆ.

"ನಿನ್ನ ಹೆಸರೇನಮ್ಮ?"

"ಭೂಮಿಕಾ."

"ಮನೇಲಿ ಯಾರಿದ್ದಾರೆ?"

ಉತ್ತರ ಒಳಗಿಂದ ಬಂತು. ಹುಡುಗಿಯ ಅಜ್ಜಿ ಚಿಕ್ಕಹನುಮಕ್ಕ ಹೊರಗೆ ಬಂದಳು. ವಯಸ್ಸು ಅರವತ್ತರ ಹತ್ತಿರ. ಕೆಂಪು ಸೀರೆ, ಅಂಚು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಸಮವಸ್ತ್ರ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪೊಲೀಸರಿಗಿಂತ ಮೊದಲು ಅವಳೇ ಕೇಳಿದಳು.

"ಆ ಇಮಾನದವ್ನು ಉಳ್ಕಂಡ್ನ ತಾಯಿ?"

"ಅವನಲ್ಲ, ಅವಳು. ಹುಡುಗಿ. ಕೈ ಮುರಿದಿದೆ, ಉಳ್ಕೊಂಡಿದ್ದಾಳೆ."

"ಹೆಣ್ಮಗಾ?" ಚಿಕ್ಕಹನುಮಕ್ಕ ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭೂಮಿಕಾ ಅವರೆಕಾಯಿ ಬಿಟ್ಟು ಅಜ್ಜಿಯ ತೋಳು ಹಿಡಿದಳು.

ಶ್ರೀಲತಾ ಅವಳ ಪಕ್ಕದಲ್ಲೇ ಕೂತರು.

"ಕಲ್ಲು ಇಟ್ಟಿದ್ದು ನೀವೇನಾ?"

"ನಾನೇ ಕಣಮ್ಮ."

"ಯಾಕೆ?"

"ಬೈಕಿಗೆ ಅಡ್ಡ ಆಗ್ಲಿ ಅಂತ. ಹಿಂದೂಪುರದ ಕಡೆಯಿಂದ, ಮಧುಗಿರಿ ಕಡೆಯಿಂದ ಹುಡುಗ್ರು ಬರ್ತಾರೆ. ಹೊತ್ತು ಮುಳುಗಾ ಟೈಮ್ಗೆ ಇಮಾನದ ರೋಡ್ ಮೇಲೆ ಮುಂದ್ಲ ಗಾಲಿ ಎತ್ಕಂಡು ಓಡುಸ್ತಾರೆ. ನಮ್ ಮಕ್ಳು ಸ್ಕೂಲಿಂದ ಬರಾಕೆ ಅದ್ನ ದಾಟ್ಲೇಬೇಕು, ಬ್ಯಾರೆ ದಾರಿ ಇಲ್ಲ. ಹೋದ ಆಷಾಡ್ದಾಗೆ ಇವ್ಳ ಮ್ಯಾಲೆ ಅತ್ಸ್ಕಂಡು ಓಡೋದ್ರು. ಅಪ್ಪ ಅವ್ವ ಇಲ್ದಿರೋ ಕೂಸು. ನೋಡಿ ಕಾಲು."

"ದೂರು ಕೊಡಲಿಲ್ವಾ?"

"ಕೊಡಾಕೆ ಬಂದಿದ್ನಲ್ಲ." ಅವಳು ಕತ್ತೆತ್ತಿ ನರಸಿಂಹರಾಜು ಅವರನ್ನು ನೋಡಿದಳು. ದನಿಯಲ್ಲಿ ಕೋಪವಿರಲಿಲ್ಲ. "ನೀವೇ ಅಲ್ವಾ ಸ್ವಾಮಿ? ಅದು ಪ್ರೈವೇಟ್ ಜಾಗ, ಮ್ಯಾನೇಜರ್ನ ಕೇಳೋಗು ಅಂದ್ರಿ. ಅವ್ರ ತಾವ ಹೋದೆ. ಬೇಲಿ ಹಾಕ್ಸೀ ಸ್ವಾಮಿ ಅಂದೆ. ಬೈಕು ಹಿಡಿಯಾದು ಪೋಲೀಸ್ನೋರ ಕೆಲ್ಸ ಅಂದ್ರು."

ನರಸಿಂಹರಾಜು ಬರೆಯುತ್ತಿದ್ದ ಪೆನ್ನು ನಿಂತಿತು.

"ಅದ್ಕೇ ನಾನೇ ಸಂಜೆ ಮೂರು ಕಲ್ಲು ಅಡ್ಡ ಇಡ್ತಿದ್ದೆ. ಇಮಾನ ಬರಾದು ಮಂಜು ಕರಗಿದ ಮ್ಯಾಕೆ, ಒಂಬತ್ತು ಗಂಟೆ ಮ್ಯಾಲೇನೇ. ಅದ್ಕೆ ಮುಂಚೆ ಹೋಗಿ ಎತ್ತಾಕ್ತಿದ್ದೆ. ಒಂದಿನಾನೂ ತಪ್ಸಿಲ್ಲ, ಆ ದ್ಯಾವ್ರಾಣೆ. ನೆನ್ನೆ ಮಂಜೇ ಬೀಳ್ಲಿಲ್ಲ. ಸದ್ದು ಕೇಳಿ ಎದ್ದೋ ಬಿದ್ದೋ ಓಡ್ದೆ. ಎರಡು ಎತ್ತಾಕ್ದೆ. ಮೂರನೇದು..."

ಅವಳ ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ನಿಂತವು.

"ನನ್ ಕಣ್ಮುಂದೇನೇ ಕಾಲು ಮುರೀತು. ಅದು ಮತ್ತೆ ಮ್ಯಾಕೆ ಹಾರೋಯ್ತು. ಹಾರಾಕೆ ಕಾಲು ಬ್ಯಾಡ, ಇಳಿಯಾಕೆ ಬೇಕಲ್ಲಮ್ಮ. ಗುಟ್ಟೆ ಸುತ್ಕಂಡು ದೇವ್ರಾಜಣ್ಣನ ತಾವ ಓಡ್ದೆ."

"ಆಮೇಲೆ ಯಾಕೆ ಬರಲಿಲ್ಲ?"

ಚಿಕ್ಕಹನುಮಕ್ಕ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟಳು. ಅದೇ ಉತ್ತರವಾಗಿತ್ತು. ಆಮೇಲೆ ಕೇಳಿದಳು: "ಆ ಹೆಣ್ಮಗಿನ ಮ್ಯಾಲೆ ತಪ್ಪು ಒರ್ಸವ್ರಾ?"

"ಹೌದು."

"ಬರ್ಕಳಿ. ಕಲ್ಲು ನಂದೇ, ಇಟ್ಟಿದ್ದು ನಾನೇ ಅಂತ ಬರ್ಕಳಿ. ಎಲ್ಲಿ ಹೆಬ್ಬೆಟ್ಟು ಒತ್ಲಿ?"

ಮೆಟ್ಟಿಲಿನ ಕಲ್ಲನ್ನೂ ವಶಕ್ಕೆ ಪಡೆಯಲಾಯಿತು. ಠಾಣೆಯಲ್ಲಿ ಎರಡು ಹೋಳುಗಳನ್ನು ಜೋಡಿಸಿದಾಗ ನಡುವಿನ ತೂತು ಪೂರ್ಣವಾಯಿತು. ಮಧ್ಯಾಹ್ನ ಪ್ರಸನ್ನ ಕುಮಾರ್ ಅವರನ್ನು ಮತ್ತೆ ಕರೆಸಿದರು. ಮೇಜಿನ ಮೇಲಿದ್ದ ಕಲ್ಲನ್ನು ಕಂಡೊಡನೆ ಅವರು ಕುರ್ಚಿಗೆ ಒರಗಿದರು.

"ಕಲ್ಲಿನ ಚೂರೆಲ್ಲ ಗುಡಿಸಿ ಹಾಕಿಸಿದ್ದು ಯಾಕೆ?"

"ಕಲ್ಲಿತ್ತು ಅಂದ್ರೆ ಬೇಲಿ ಯಾಕಿಲ್ಲ ಅಂತ ಕೇಳ್ತಾರೆ ಮೇಡಂ. ನಮ್ಮ ಪರ್ಮಿಷನ್ನೇ ಹೋಗುತ್ತೆ."

"ಹುಡುಗಿದು ಹೋದ್ರೆ ಪರವಾಗಿಲ್ಲ?"

ಫೆಬ್ರವರಿ 12ರ ಮಧ್ಯಾಹ್ನ ಇಬ್ಬರನ್ನು ಬಂಧಿಸಲಾಯಿತು. ಸಾಕ್ಷ್ಯ ನಾಶ ಮಾಡಿದ್ದಕ್ಕಾಗಿ ಪ್ರಸನ್ನ ಕುಮಾರ್. ಪ್ರಾಣಾಪಾಯ ತಂದದ್ದಕ್ಕಾಗಿ ಚಿಕ್ಕಹನುಮಕ್ಕ. ನರಸಿಂಹರಾಜು ಹಿಂಜರಿಯುತ್ತ ಕೇಳಿದರು: "ಮೇಡಂ, ಅಜ್ಜೀನೂ ಆಗ್ಲೇಬೇಕಾ?"

"ಆಗ್ಲೇಬೇಕು. ಕಲ್ಲಿತ್ತು ಅಂತ ನಾವು ಬರೆದ ಮೇಲೆ, ಇಟ್ಟೋರು ಯಾರು ಅಂತಾನೂ ಬರೀಬೇಕು. ಯಾಕೆ ಇಟ್ರು ಅಂತಾನೂ ಬರೀತೀನಿ. ನಿಮ್ಮ ಹೆಸರೂ ಬರುತ್ತೆ ರಾಜಣ್ಣ."

"ಬರ್ಲಿ ಮೇಡಂ," ಎಂದರು ಅವರು.

ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ ದೇವರಾಜು ಬಂದು ಚಿಕ್ಕಹನುಮಕ್ಕನಿಗೆ ಹೊಣೆ ನಿಂತ. ಸಂಜೆಗೆ ಮುಂಚೆಯೇ ಅವಳನ್ನು ಮನೆಗೆ ಕಳುಹಿಸಿದರು. ಭೂಮಿಕಾಗೆ ಡಿಕ್ಕಿ ಹೊಡೆದ ಬೈಕಿನ ವಿರುದ್ಧ ಅದೇ ದಿನ ಇನ್ನೊಂದು ಎಫ್‌ಐಆರ್ ಆಯಿತು, ಏಳು ತಿಂಗಳು ತಡವಾಗಿ. ರಕ್ಷಾಳ ಎರಡನೆಯ ಹೇಳಿಕೆಯನ್ನು ಶ್ರೀಲತಾ ತಾವೇ ಹೋಗಿ ಬರೆದುಕೊಂಡರು. ಕಲ್ಲು ಇಟ್ಟವಳು, ಫೋನ್ ಮಾಡಿಸಿದವಳು ಇಬ್ಬರೂ ಒಬ್ಬಳೇ ಎಂದು ತಿಳಿದಾಗ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತಳು. ಆಮೇಲೆ, "ಅವ್ರು ಸುಮ್ನಿದ್ದಿದ್ರೆ ನಾನು ಎರಡೂ ಚಕ್ರ ನಂಬ್ಕೊಂಡು ಇಳೀತಿದ್ದೆ. ಅದನ್ನೂ ಬರ್ಕೊಳ್ಳಿ," ಎಂದಳು. ಅದು ದೋಷಾರೋಪಣ ಪಟ್ಟಿಯೊಂದಿಗೆ ನ್ಯಾಯಾಲಯಕ್ಕೆ ಹೋಗಲಿತ್ತು.

ಕಲ್ಲುಗಳು ಠಾಣೆಯಲ್ಲಿದ್ದವು. ಬೇಲಿ ಇನ್ನೂ ಬಂದಿರಲಿಲ್ಲ.

ಮರುದಿನ ಹೊತ್ತು ಮುಳುಗುವಾಗ ಗುಟ್ಟೆಯ ಆಚೆಯಿಂದ ಬೈಕುಗಳ ಸದ್ದು ಕೇಳಿಸಿತು. ಮುಂದಿನವನು ಚಕ್ರ ಎತ್ತಲೆಂದು ವೇಗ ಹೆಚ್ಚಿಸಿದವನು, ತಟ್ಟನೆ ಬ್ರೇಕು ಹಾಕಿದ. ಇಮಾನದ ರೋಡಿನ ನಟ್ಟನಡುವೆ, ಟಾರು ಕಿತ್ತ ಜಾಗದಲ್ಲಿ, ನರಸಿಂಹರಾಜು ಲಾಠಿ ಊರಿಕೊಂಡು ನಿಂತಿದ್ದರು.

"ಬಾರ್ಲಾ," ಎಂದರು. "ಕೀ ಕೊಡು ಇತ್ಲಾಗೆ."

ಅವರ ಬೆನ್ನ ಹಿಂದೆ ಸ್ಕೂಲ್ ಬ್ಯಾಗು ಹೊತ್ತ ಭೂಮಿಕಾ, ಊರುಗೋಲು ಊರುತ್ತ, ಯಾವ ಅವಸರವೂ ಇಲ್ಲದೆ ದಾಟುತ್ತಿದ್ದಳು.