ಎರವಲು ಕಣ್ಣು

"ಇವಳ ಕಣ್ಣು ಬಿಡಿಸ್ಬೇಕು" ಎಂದು ಅವನು ಫೋನನ್ನು ಕೌಂಟರಿನ ಮೇಲಿಟ್ಟಾಗ, ವನಜಾ ಎಂದಿನ ವ್ಯಾಪಾರದ ದನಿಯಲ್ಲೇ ಕೇಳಿದಳು. "ಹುಡುಗನ ಕಡೆಯವ್ರಿಗೆ ಕಳ್ಸಕ್ಕಾ ಸರ್? ಒಂಚೂರು ಬೆಳ್ಳಗೂ ಮಾಡ್ಬೇಕಾ?"

"ಎಡೆ ಇಡಕ್ಕೆ" ಎಂದ ಅವನು. "ನನ್ನ ಹೆಂಡ್ತಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು ವನಜಾಗೆ. ಮದ್ದೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೋ ನಡೆಸಿಕೊಂಡು ಹದಿನೈದು ವರ್ಷವಾಗಿತ್ತು. ಬದುಕಿದವರಿಗೆ ಮದುವೆಯ ಫೋಟೋ, ಹೋದವರಿಗೆ ಎಡೆಯ ಫೋಟೋ. ಎರಡನ್ನೂ ಅದಲುಬದಲು ಮಾಡಿದ್ದು ಅದೇ ಮೊದಲು.

ಅವನ ಹೆಸರು ಶಶಿಧರ್. ಊರು ಹೊಳಲು, ಮಂಡ್ಯದ ಡಿಪ್ಲೊಮಾ ಕಾಲೇಜಿನಲ್ಲಿ ಮೇಷ್ಟ್ರು. ಹೆಂಡತಿ ಗಗನ ತೀರಿಕೊಂಡು ಎರಡು ವರ್ಷ. ಮದುವೆಯ ಆಲ್ಬಮ್ಮನ್ನು ಅವಳ ತವರಿನವರು ಎದೆಗವಚಿಕೊಂಡು ಒಯ್ದಿದ್ದರು, ವಾಪಸ್ ಕೇಳುವ ಮನಸ್ಸು ಇವನಿಗಿರಲಿಲ್ಲ. ಫೋನು ಕೆಟ್ಟು ಉಳಿದವೂ ಹೋದವು. ಕೊನೆಗೆ ಸಿಕ್ಕಿದ್ದು ಗೆಳತಿಯೊಬ್ಬಳ ವಾಟ್ಸಾಪಿನಲ್ಲಿದ್ದ ಇದೊಂದೇ. ಅಂಗಳದಲ್ಲಿ ರಾಗಿ ಹರವುತ್ತಾ ನಕ್ಕಿದ್ದಾಳೆ, ನಕ್ಕ ಭರಕ್ಕೆ ಕಣ್ಣು ಮುಚ್ಚಿಬಿಟ್ಟಿದ್ದಾಳೆ. ಪಿತೃಪಕ್ಷಕ್ಕೆ ಎಡೆ ಇಡುವ ಫೋಟೋದಲ್ಲಿ ಕಣ್ಣು ಮುಚ್ಚಿರಕೂಡದು, ಮುಚ್ಚಿದ್ದರೆ ಇಟ್ಟ ಎಡೆಯನ್ನು ಅವಳು ನೋಡುವುದಾದರೂ ಹೇಗೆ ಎಂದು ಅವನ ತಾಯಿ ದೇವಿರಮ್ಮನ ಹಟ. ಅಮಾವಾಸ್ಯೆಗೆ ಇನ್ನೂ ಐದು ವಾರವಿತ್ತು.

ಕಾಲೇಜಿನಲ್ಲಿ ಏನು ಪಾಠ ಮಾಡುತ್ತೀರಿ ಎಂದು ವನಜಾ ಮಾತು ಬದಲಿಸಲು ಕೇಳಿದಳು. ಡಿಜಿಟಲ್ ಇಮೇಜ್ ಪ್ರೊಸೆಸಿಂಗ್ ಎಂದ. ಫೋಟೋ ತಿದ್ದುವುದನ್ನೇ ಪಾಠ ಮಾಡುವವನು ಫೋಟೋ ತಿದ್ದಿಸಲು ಬಂದಿದ್ದಾನಲ್ಲ ಎಂದು ಅವಳಿಗೆ ನಗು ಬಂತು. ತಡೆದುಕೊಂಡಳು. ಅವನೇ ಹೇಳಿದ, ಈ ಒಂದು ಫೋಟೋ ತೆರೆದು ಕೂತರೆ ಕೈ ಓಡುವುದಿಲ್ಲ ಅಂತ.

ಆಮೇಲೆ ಪ್ರತಿ ಶನಿವಾರ ಸಂಜೆ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಅವಳು ಮೌಸ್ ಆಡಿಸಿದಂತೆಲ್ಲ ಅದಕ್ಕೊಂದು ಹೆಸರು ಹೇಳುತ್ತಿದ್ದ. ಫೋಟೋ ಅಂದರೆ ಅಂಕಿಗಳ ಒಂದು ಕೋಷ್ಟಕ ಅಷ್ಟೇ. ಒಂದೊಂದು ಚುಕ್ಕಿಗೂ ಒಂದೊಂದು ಅಂಕಿ, ಸೊನ್ನೆ ಅಂದರೆ ಕಗ್ಗತ್ತಲು, ಇನ್ನೂರ ಐವತ್ತೈದು ಅಂದರೆ ಅಚ್ಚ ಬಿಳುಪು. ಮಂಕಾದ ಫೋಟೋದಲ್ಲಿ ಅಂಕಿಗಳೆಲ್ಲ ನಡುವೆ ಗುಂಪುಗೂಡಿರುತ್ತವೆ, ಅವನ್ನು ಆಚೀಚೆ ಹರಡಿದರೆ ಫೋಟೋಗೆ ಕಳೆ ಬರುತ್ತದೆ. ಹದಿನೈದು ವರ್ಷದಿಂದ ಕಣ್ಣಳತೆಯಲ್ಲಿ ಮಾಡಿಕೊಂಡು ಬಂದದ್ದಕ್ಕೆ ಇಷ್ಟೊಂದು ಲೆಕ್ಕ ಇದೆಯೆಂದು ವನಜಾಗೆ ಗೊತ್ತೇ ಇರಲಿಲ್ಲ.

ಗಗನಳ ಕೆನ್ನೆಯ ಮೇಲೆ ಬಿಳಿ ಚುಕ್ಕಿಗಳು ಚೆಲ್ಲಿಕೊಂಡಿದ್ದವು. ದಾರಿತಪ್ಪಿದ ಚುಕ್ಕಿಯನ್ನೂ ಅದರ ಸುತ್ತಲಿನ ಎಂಟು ಚುಕ್ಕಿಗಳನ್ನೂ ಅಂಕಿಯ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ಬರುವ ಅಂಕಿಯನ್ನು ಇದಕ್ಕೆ ಕೊಡಬೇಕು, ಆಗ ಇದೂ ಎಲ್ಲರಂತಾಗುತ್ತದೆ ಎಂದು ಅವನು ವಿವರಿಸಿದ.

"ಅಕ್ಕಪಕ್ಕದೋರ ಮಾತು ಕೇಳಿ ಬದ್ಕೋ ಚುಕ್ಕಿ ಅನ್ನಿ" ಎಂದಳು ವನಜಾ. "ನಾನು ಹಂಗಾಗ್ನಿಲ್ಲ ಅಂತ್ಲೇ ನಮ್ಮ ಬೀದಿಯೋರಿಗೆ ಸಿಟ್ಟು."

ಅವನು ಓರೆಗಣ್ಣಲ್ಲಿ ಅವಳನ್ನು ನೋಡಿ ಮೊದಲ ಸಲ ನಕ್ಕ. ಆ ನಗು ಸ್ಟುಡಿಯೋದ ಬಾಗಿಲು ಹಾಕಿದ ಮೇಲೂ ಅವಳ ಜೊತೆ ಮನೆಯವರೆಗೆ ಬಂತು. ಅವಳಿಗೆ ಮೂವತ್ತಾರು. ತಾಲ್ಲೂಕಿನ ಅರ್ಧ ಹೆಣ್ಣುಮಕ್ಕಳನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿ ಮದುವೆ ಮಾಡಿಸಿದವಳು, ತನ್ನ ಫೋಟೋ ಕಳಿಸುವಾಗ ಮಾತ್ರ ಒಂದು ಚುಕ್ಕಿಯನ್ನೂ ಮುಟ್ಟಿರಲಿಲ್ಲ. ಇದ್ದ ಹಾಗೇ ನೋಡಲಿ ಎಂಬ ಜಿದ್ದು. ಯಾರೂ ನೋಡಲಿಲ್ಲ. ಅಪ್ಪ ಹೋದ ಮೇಲೆ ಒಬ್ಬಳಿಗಾಗಿ ಅನ್ನಕ್ಕಿಡುವಾಗ ಅಳತೆ ತಪ್ಪುತ್ತಿತ್ತು, ಮಿಕ್ಕಿದ್ದನ್ನು ಮರುದಿನ ಸ್ಟುಡಿಯೋದಲ್ಲಿ ಪರದೆಯ ಮರೆಯಲ್ಲಿ ಕೂತು ತಿನ್ನುತ್ತಿದ್ದಳು. ಹೀಗೆ ಒಂಟಿಯಾಗಿರುವುದು ತನಗೆ ಸಾಕಾಗಿದೆ ಎಂಬುದು ಅವಳಿಗೆ ಆ ಶನಿವಾರಗಳಲ್ಲೇ ಗೊತ್ತಾದದ್ದು.

ಮೂರನೆಯ ಶನಿವಾರ ಚುಕ್ಕಿ, ಮಂಕು ಎಲ್ಲಾ ಹೋಗಿ ಕಣ್ಣು ಮಾತ್ರ ಉಳಿಯಿತು. ಆಗ ಅವನು ತನ್ನ ಮೊದಲ ಪಾಠದಲ್ಲೇ ಹುಡುಗರಿಗೆ ಹೇಳುವ ಮಾತೊಂದನ್ನು ಹೇಳಿದ. ಕ್ಯಾಮೆರಾ ಹಿಡಿಯದೇ ಇದ್ದದ್ದನ್ನು ಯಾವ ಲೆಕ್ಕದಿಂದಲೂ ತರಲು ಬರುವುದಿಲ್ಲ, ಆಮೇಲೆ ಸೇರಿಸಿದ್ದೆಲ್ಲ ನಮ್ಮ ಊಹೆ. ಅವ್ವನಿಗೆ ಇದು ಅರ್ಥವಾಗುವುದಿಲ್ಲ, ನಿಮಗೆ ತಿಳಿದಂತೆ ಮಾಡಿ ಎಂದು ಎದ್ದು ಹೋದ.

ಇಂಥ ಕೆಲಸಕ್ಕೆ ಸ್ಟುಡಿಯೋದವರ ಹತ್ತಿರ ಒಂದು ಉಪಾಯ ಇರುತ್ತದೆ, ಗಿರಾಕಿಗಳಿಗೆ ಹೇಳುವುದಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದವರ ಕಣ್ಣುಗಳನ್ನು ಒಂದು ಫೋಲ್ಡರಿನಲ್ಲಿ ಕೂಡಿಟ್ಟು, ಹೊಂದುವ ಜೋಡಿಯನ್ನು ತಂದು ಕೂರಿಸುವುದು. ವನಜಾ ಇನ್ನೂರು ಜೋಡಿ ಹಚ್ಚಿ ನೋಡಿದಳು. ಒಂದೂ ಕೂರಲಿಲ್ಲ. ಗಗನಳ ಮುಖ ತುಸು ಎಡಕ್ಕೆ ವಾಲಿತ್ತು, ಬೆಳಕೂ ಎಡದಿಂದಲೇ. ಕೊನೆಗೆ ಅವಳು ಕಿಟಕಿಯ ಪಕ್ಕ ಕೂತು, ಮುಖ ಅಷ್ಟೇ ವಾಲಿಸಿ, ತನ್ನದೇ ಫೋಟೋ ತೆಗೆದುಕೊಂಡಳು. ಆ ಕಣ್ಣುಗಳು ಗಗನಳ ಮುಖದಲ್ಲಿ ಹೇಳಿ ಮಾಡಿಸಿದಂತೆ ಕೂತವು.

ಬೆಳಕು ಹೊಂದಲಿ ಅಂತ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳು. ಅವನ ಮನೆಯ ಗೋಡೆಯಿಂದಾದರೂ ಅವನನ್ನು ನೋಡಬೇಕು, ವರ್ಷಕ್ಕೊಂದು ದಿನವಾದರೂ ಅವನು ಎದುರು ನಿಂತು ತನ್ನನ್ನು ನೋಡಬೇಕು ಎಂಬ ಆಸೆ.

ನಾಲ್ಕನೆಯ ಶನಿವಾರ ಅವನು ಪ್ರಿಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಕಾಗದದಲ್ಲಿ ಸುತ್ತಿಸಿಕೊಂಡು ಹೊರಟುಹೋದ.

ಅಮಾವಾಸ್ಯೆ ಕಳೆದು ಎರಡು ಶನಿವಾರ ಅವನ ಸುಳಿವಿಲ್ಲ. ಫೋನ್ ಮಾಡಲು ಅವಳಿಗೆ ಮುಖವಿರಲಿಲ್ಲ. ಸತ್ತವಳ ಜಾಗದಲ್ಲಿ ಕಳ್ಳತನದಿಂದ ಹೋಗಿ ಕೂತೆನಲ್ಲ ಎಂದು ನಾಚಿಕೆ. ಯಾರಾದರೂ ಆ ಸ್ಟೂಲಿನ ಮೇಲೆ ಕೂತರೆ ಸಿಡುಕುತ್ತಿದ್ದಳು.

ಮೂರನೆಯ ಶನಿವಾರ ಬಂದ. ಪ್ರಿಂಟು ಅದೇ ಕಾಗದದಲ್ಲಿತ್ತು. ಕೌಂಟರಿನ ಮೇಲಿಟ್ಟು, ಇದಕ್ಕೆ ಎಡೆ ಇಡಲಿಲ್ಲ ಎಂದ. ಕಣ್ಣು ಮುಚ್ಚಿದ ಫೋಟೋವನ್ನೇ ಇಟ್ಟರಂತೆ. ನಗ್ತಾ ಮುಚ್ಚವ್ಳೆ ಕಣವ್ವಾ ಎಂದು ಅವನು ತಿಳಿಹೇಳಿದ್ದಕ್ಕೆ ದೇವಿರಮ್ಮ ಅತ್ತು, ಆಮೇಲೆ ಸೊಸೆಯನ್ನು ಕೂಗಿ ಕರೆದು, ಏನೇನು ಬಡಿಸಿದ್ದೇನೆಂದು ಒಂದೊಂದಾಗಿ ಹೆಸರಿಟ್ಟು ಹೇಳಿದರಂತೆ.

"ಬೇರೆಯೋರ ಕಣ್ಣು ಅಂತ ಚುಕ್ಕಿ ಲೆಕ್ಕ ನೋಡಿ ಗೊತ್ತಾಯ್ತಾ?" ವನಜಾ ನೆಲ ನೋಡುತ್ತಾ ಕೇಳಿದಳು.

"ಆ ಲೆಕ್ಕ ಯಾಕೆ? ಅಷ್ಟು ಶನಿವಾರ ನಾನು ಬರೀ ಸ್ಕ್ರೀನ್ ನೋಡ್ತಾ ಕೂತಿದ್ದೆ ಅಂದ್ಕೊಂಡ್ರಾ?" ಅವನ ದನಿ ಸಣ್ಣದಾಯಿತು. "ಮೊದ್ಲು ಸಿಟ್ಟು ಬಂತು. ಅವಳ ಮುಖದಲ್ಲಿ ನಿಮ್ಮನ್ನ ಹುಡುಕ್ದೆ ಅಂತ ನನ್ನ ಮೇಲೂ ಸಿಟ್ಟು ಬಂತು. ಎಲೆ ಹಾಕೋ ಹೊತ್ಗೆ ಭಯ ಆಗೋಯ್ತು. ಬದ್ಕಿರೋರ ಕಣ್ಣಿಗೆ ಎಡೆ ಇಡಬಾರ್ದು ಕಣ್ರೀ. ಆಗ್ಲೇ ಒಬ್ಬಳನ್ನ ಕಳ್ಕೊಂಡಿವ್ನಿ."

ಎಡೆಯ ಫೋಟೋ ಮಾಡಿಯೇ ಬದುಕಿದವಳಿಗೆ ಇದು ಹೊಳೆದೇ ಇರಲಿಲ್ಲ. ತನಗೇನಾದರೂ ಆದೀತೆಂದು ಒಬ್ಬರು ಹೆದರಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಲು ಹೋಗಿ, ಅವಳಿಗೆ ಅಳು ಬಂತು.

"ತಪ್ಪಾಯ್ತು" ಎಂದಳು. "ನಿಮ್ಮ ಮನೇಲಿ ಯಾರಾರಾ ನನ್ನ ನೋಡ್ಲಿ ಅನ್ನಿಸ್ತು. ಅದಕ್ಕೇ ಮಾಡ್ದೆ."

ಅವನು ಆ ಪ್ರಿಂಟನ್ನು ಅವಳ ಕಡೆಗೆ ಸರಿಸಿದ.

"ಗೋಡೆ ಮೇಲೆ ಬ್ಯಾಡ. ನೀವೇ ಬನ್ನಿ, ಹಗಲೊತ್ತು, ಹೊಸ್ಲು ದಾಟ್ಕಂಡು. ಅವ್ವಂಗೆ ಹೇಳಿವ್ನಿ."

ವನಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಳಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.