ಮನಿಗಾಡಿಯ ನೀರು ಸೋರಿದಾಗ

"ಮೊದಲ ಇದನ್ನ ನೋಡ್ರಿ. ಆಮ್ಯಾಲ ಮಾತಾಡ್ರಿ."

ಬೈಕಿನಿಂದ ಇಳಿದು ಇನ್ನೂ ಹೆಲ್ಮೆಟ್ ತೆಗೆಯದ ಆ ಮನುಷ್ಯನ ಮುಂದೆ ಮಹಾಮಾಯಾ ಒದ್ದೆ ಹಾಸಿಗೆಯನ್ನು ಎಳೆದು ಹಾಕಿದಳು. ಹಾಸಿಗೆಯಿಂದ ಇಳಿದ ನೀರು ಅವನ ಬೂಟಿನ ಸುತ್ತ ಹರಡಿತು.

ಅವನು ನೀರನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಸೀರೆಯ ನೆರಿಗೆ ಮೊಣಕಾಲಿನ ತನಕ ನೆನೆದಿದೆ. ಮುಖದ ತುಂಬ ಸಿಟ್ಟು. ಕಣ್ಣಲ್ಲಿ ಮಾತ್ರ ಸಿಟ್ಟಿಗಿಂತ ಬೇರೆ ಏನೋ... ಅಳುವೇ?

"ಹೋದ ತಿಂಗಳು ನಮ್ಮ ಗಾಡಿಗಿ ಹೊಸ ಪಂಪ್ ಕೂಡಿಸಿದ ಭಾಲ್ಕಿ ಕೈಲಾಶ ಅಂದ್ರ ನೀವೇ ಅಲ್ಲೇನ್ರಿ?"

"ಹೌದ್ರಿ ಮೇಡಂ."

"ಹಂಗಾದ್ರ ಈ ಸೋರೋದೂ ನೀವೇ ಕೂಡಿಸಿ ಹೋಗೀರಿ."

ಎದುರು ಮನೆಯ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದ ಹೆಂಗಸರ ಕೈ ನಿಂತಿತು. ಬೀದರಿನ ಆ ಓಣಿಯಲ್ಲಿ ಕನ್ನಡ ಸಾಲಿಯ ಟೀಚರಬಾಯಿ ದನಿ ಎತ್ತಿದ್ದನ್ನು ಅವರು ಕೇಳಿದ್ದೇ ಇಲ್ಲ.

ಅಂಗಳದಲ್ಲಿ ನಿಂತಿದ್ದ ಗಾಡಿಗೆ ಓಣಿಯ ಜನ ಇಟ್ಟ ಹೆಸರು ಮನಿಗಾಡಿ. ಹೈದರಾಬಾದಿನ ಸಿನೆಮಾ ಮಂದಿ ಬಳಸಿ ಬಿಟ್ಟ, ಇಪ್ಪತ್ತು ವರ್ಷದ ಹಳೆಯ ಗಾಡಿ ಅದು. ಒಳಗೆ ನಾಲ್ಕು ಹಾಸಿಗೆ, ಒಂದು ಒಲೆ, ನೀರಿನ ಟಾಕಿ, ಮೂಲೆಯಲ್ಲೊಂದು ಪುಟ್ಟ ಬಚ್ಚಲು. ಬಸ್ ಡ್ರೈವರ್ ಆಗಿ ರಿಟೈರ್ ಆದ ಮಹಾಮಾಯಾಳ ತಂದೆ ಗೋರಖನಾಥರು ಅದನ್ನು ತಂದದ್ದು ಆ ಬಚ್ಚಲಿನ ಸಲುವಾಗಿಯೇ.

ಅವರ ಹೆಂಡತಿ ಜಿಜಾಬಾಯಿಗೆ ಸಕ್ಕರೆ ಕಾಯಿಲೆ. ಅರ್ಧ ತಾಸಿಗೊಮ್ಮೆ ಏಳಲೇಬೇಕು. ರೈಲಿನಲ್ಲಿ ಮಂದಿಯ ಮುಂದೆ ಸಾಲು ನಿಂತು ಒಮ್ಮೆ ಸೀರೆ ಒದ್ದೆಯಾದ ಮೇಲೆ ಆ ತಾಯಿ ಏಳು ವರ್ಷದಿಂದ ಊರು ಬಿಟ್ಟು ಹೊರಗೆ ಹೋಗಿರಲಿಲ್ಲ. ತಮ್ಮನ ಮಗಳ ಮದುವೆಗೂ ಹೋಗಲಿಲ್ಲ. ಬುದ್ಧಗಯೆಯ ಬೋಧಿವೃಕ್ಷದ ಕೆಳಗೆ ಒಂದು ಸಲ ಕೂತು ವಂದನೆ ಹೇಳಬೇಕು ಅನ್ನೋದೊಂದೇ ಆಸೆ. ಅದನ್ನೂ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ.

ದಸರಾ ರಜೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಇನ್ನು ಆರೇ ದಿನ. ಈಗ ನೋಡಿದರೆ ಗೋಡೆಯ ಒಳಗಿನಿಂದ ನೀರು ಸೋರಿ, ಅವ್ವನ ಹಾಸಿಗೆಯೇ ಕೆರೆಯಾಗಿದೆ!

ಕೈಲಾಶ ಹೆಲ್ಮೆಟ್ ತೆಗೆದಿಟ್ಟು ಗಾಡಿಯ ಒಳಗೆ ಹೋದ. ಹಾಸಿಗೆಯ ಹಿಂದಿನ ಹಲಗೆ ಬಿಚ್ಚಿ, ಪೈಪು ತಿರುಗುವ ಕಡೆ ಕೂಡಿಸಿದ್ದ ಕಬ್ಬಿಣದ ಎಲ್ಬೋಗಳನ್ನು ಬೆರಳಲ್ಲಿ ಸವರಿದ. ಬೆರಳು ಅಲ್ಲೇ ನಿಂತಿತು. ಬಚ್ಚಲಿನತ್ತ ನೋಡಿದ. ಬಕೆಟ್ಟಿನ ಹಿಂದೆ ಎರಡು ಖಾಲಿ ಬಾಟಲಿ. ಬಚ್ಚಲಿನ ಕಲ್ಲು ತೊಳೆಯುವ ಆಸಿಡ್.

"ಮೇಡಂ, ಈ ಲೈನಿನಾಗ..." ಎಂದು ಅವನು ಬಾಯಿ ತೆರೆಯುವುದಕ್ಕೂ ಜಿಜಾಬಾಯಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು.

"ಜಯಭೀಮ್ ಮೌಶಿ," ಅಂದ.

ಆ ತಾಯಿ ಅವನನ್ನು ಬೈಯಲಿಲ್ಲ. ನಳದಿಂದ ಬಿಳಿ ಉಪ್ಪು ಉದುರುತ್ತಿತ್ತಂತೆ. ಅಂಥ ನೀರು ಅವ್ವ ಕುಡಿಯಬಾರದೆಂದು ಮಗಳೇ ಎರಡು ಬಾಟಲಿ ಸುರಿದು, ಇಡೀ ಟಾಕಿ, ಇಡೀ ಲೈನು ತೊಳೆದು, ನಾಲ್ಕು ಸಲ ನೀರು ಹರಿಸಿದಳಂತೆ. ಈಗ ನೀರು ಕನ್ನಡಿಯಂತೆ ಬರುತ್ತದಂತೆ. ಹೇಳುವಾಗ ಜಿಜಾಬಾಯಿಯ ಮುಖ ಹೂವಿನಂತೆ ಅರಳಿತ್ತು.

ಕೈಲಾಶ ಆ ಮುಖ ನೋಡಿದ. ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡ.

"ತಪ್ಪು ನನ್ನದೇರಿ ಮೌಶಿ. ನೀವು ಹೊರಡೋದರಾಗ ಬರೋಬ್ಬರಿ ಮಾಡಿ ಕೊಡ್ತೇನಿ."

'ಒಪ್ಪಿಕೊಂಡನಲ್ಲ!' ಮಹಾಮಾಯಾಗೆ ಸಿಟ್ಟು ಇನ್ನೂ ಏರಿತು. ಅವನು ಸಾಮಾನು ತರಲು ಹೋದ ಹೊತ್ತಿಗೆ ಫೋನ್ ತೆಗೆದು, ಬೀದರ, ಭಾಲ್ಕಿ, ಔರಾದಿನ ತಮ್ಮ ಜನರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಬರೆದೇಬಿಟ್ಟಳು. ಭಾಲ್ಕಿಯ ಕೈಲಾಶ ಎಂಬ ಫಿಟರ್ ಮೋಸದ ಕೆಲಸ ಮಾಡುತ್ತಾನೆ, ಯಾರೂ ನಂಬಿ ಕರೆಯಬೇಡಿ...

ಕಳಿಸಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

*

ಮಾರನೆಯ ದಿನ ಬೆಳಗ್ಗೆ ಎಂಟಕ್ಕೆಲ್ಲ ಅವನು ಬಂದ. ಕೊರೆಯುವ ಯಂತ್ರ ಶುರು ಮಾಡಬೇಕು ಅನ್ನುವಷ್ಟರಲ್ಲಿ ಮನೆಯೊಳಗಿಂದ ಜಿಜಾಬಾಯಿಯ ಬುದ್ಧವಂದನೆಯ ದನಿ ಕೇಳಿತು. ಅವನು ಯಂತ್ರ ಕೆಳಗಿಟ್ಟ. ಕೈಕಟ್ಟಿ ಗಾಡಿಯ ಮೆಟ್ಟಿಲ ಮೇಲೆ ಕೂತ. ಕೊನೆಯ ಸಾಲು ಮುಗಿದು, ಪಾತ್ರೆಯ ಸದ್ದು ಬಂದ ಮೇಲೆಯೇ ಯಂತ್ರ ಹಿಡಿದ.

ಕಿಟಕಿಯಿಂದ ಮಹಾಮಾಯಾ ನೋಡಿದಳು. 'ನಾಟಕ' ಎಂದುಕೊಂಡಳು. ಮರುದಿನವೂ ಹಾಗೇ ಕೂತ. ಮೂರನೆಯ ದಿನವೂ.

ಮೋಸ ಮಾಡುವವನು ಹೀಗೆ ಕೂರುತ್ತಾನೆಯೇ...?

ಚಹಾ ಕೊಡಲು ಹೋದವಳು ನಿಂತು ನೋಡತೊಡಗಿದಳು. ಹಳೆಯ ಕಬ್ಬಿಣದ ತುಂಡುಗಳನ್ನೆಲ್ಲ ಕಿತ್ತು, ಬಿಸಿ ಮಾಡಿ ಬೆಸೆಯುವ ಪ್ಲಾಸ್ಟಿಕ್ ಪೈಪು ಹಾಕುತ್ತಿದ್ದ. ಒಂದೊಂದು ಭಾಗ ಮುಗಿದಾಗಲೂ ಎಲ್ಲ ನಳ ಬಂದ್ ಮಾಡಿ, ಪಂಪ್ ಹಾಕಿ, ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದ. ಇದೇನು ಎಂದು ಅವಳು ಕೇಳಿದಾಗ ತಲೆ ಎತ್ತದೆ ಹೇಳಿದ. ನಳ ಎಲ್ಲ ಬಂದ್ ಇದ್ದಾಗ ಪಂಪು ತಾನಾಗಿ ಸುಮ್ಮನಾಗಬೇಕು. ಸುಮ್ಮನಾದದ್ದು ಮತ್ತೆ ಟುಕ್ ಟುಕ್ ಅಂದರೆ ಎಲ್ಲೋ ನೀರು ಕಳ್ಳದಾರಿ ಹಿಡಿದಿದೆ ಎಂದರ್ಥ.

"ನನಗೂ ಕೇಳತದೇನ್ರಿ?"

"ಮಾತಾಡದೆ ಕೂತ್ರ ಕೇಳತದರಿ."

ಅವಳು ಕೂತಳು. ಇಬ್ಬರ ಕಿವಿಯೂ ಒಂದೇ ಹಲಗೆಗೆ. ಪಂಪು ಸುಮ್ಮನಾಯಿತು, ಸುಮ್ಮನೇ ಉಳಿಯಿತು. ಅವಳ ಎದೆಯೊಂದು ಸುಮ್ಮನಾಗಲಿಲ್ಲ. ಆ ಸದ್ದು ಅವನಿಗೆ ಕೇಳಿಬಿಟ್ಟರೆ ಎಂದು ಹೆದರಿ ಅವಳೇ ಎದ್ದು ಹೋದಳು.

ಸಂಜೆ ಗುಂಪು ತೆರೆದು ನೋಡಿದಳು. ತಾನು ಬರೆದದ್ದನ್ನು ಅಳಿಸೋಣವೆಂದರೆ ಹೊತ್ತು ಮೀರಿತ್ತು. 'ತಪ್ಪು ಅವರದೇ ಅಂತ ಅವರೇ ಹೇಳ್ಯಾರಲ್ಲ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

*

ನಿಂತ ಗಾಡಿಯನ್ನು ನಂಬಬಾರದು, ಕೆಟ್ಟ ರಸ್ತೆಯಲ್ಲಿ ಕುಲುಕಿಸಿ ನೋಡಬೇಕು ಎಂದ ಕೈಲಾಶ. ಹಾಗಾಗಿ ಐದನೆಯ ದಿನ ನಾಲ್ವರೂ ಹೊರಟರು. ಔರಾದ ಆಚೆ ಎಕಂಬಾದಲ್ಲಿ ಜಿಜಾಬಾಯಿಯ ತಂಗಿಯ ಹೊಲ. ಅಲ್ಲಿಗೆ ಹೋಗಿ, ಜನವಾಡದ ಮೇಲೆ ಹಾದು ವಾಪಸು ಬರುವುದು. ನಡುವೆ ಭಾಲ್ಕಿಯಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ಟಾಕಿಯ ಬಾಯಿಗೆ ಕೂಡುವ ಹಿತ್ತಾಳೆಯ ತುಂಡೊಂದನ್ನು ಕೈಲಾಶ ಯುನುಸ ಚಾಚಾನ ಪೈಪಿನ ಅಂಗಡಿಯಲ್ಲಿ ಲೇಥಿಗೆ ಹಾಕಿ ಕಡೆಸಲು ಕೊಟ್ಟಿದ್ದ.

ಕೈಲಾಶ ಗಾಡಿಯ ಕೆಳಗೆ ನುಸುಳಿ ಆ ತುಂಡು ಕೂಡಿಸುತ್ತಿದ್ದಾಗ ಮಹಾಮಾಯಾ ಅಂಗಡಿಯ ನೆರಳಲ್ಲಿ ನಿಂತಳು. ಬಿಳಿಗಡ್ಡದ ಯುನುಸ ಚಾಚಾ ಸ್ಟೂಲು ಕೊಟ್ಟು ಕೂಡಿಸಿದರು.

"ಬೇಟಿ, ಹೊಸ ಲೈನಿಗಿ ಮತ್ತ ತೇಜಾಬ್ ಹಾಕಬ್ಯಾಡ ನೋಡು."

"ತೇಜಾಬ್ ಅಂದ್ರ... ಆಸಿಡ್ ಏನ್ರಿ ಚಾಚಾ?"

ಅವರು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದು ಕಬ್ಬಿಣದ ಎಲ್ಬೋ ತೆಗೆದು ಅವಳ ಅಂಗೈಗೆ ಹಾಕಿದರು. ಅಳತೆಗೆಂದು ಕೈಲಾಶ ತಂದುಕೊಟ್ಟದ್ದು, ಅವಳ ಗಾಡಿಯದೇ. ಬೆರಳು ಒತ್ತಿದರೆ ಹಪ್ಪಳದಂತೆ ಮುರಿಯಿತು.

ಚಾಚಾ ನಿಧಾನವಾಗಿ ತಿಳಿಸಿ ಹೇಳಿದರು. ಇಪ್ಪತ್ತು ವರ್ಷದ ಕಬ್ಬಿಣ, ಎಂದೋ ತುಕ್ಕು ತಿಂದು ತೂತಾಗಿತ್ತು. ನಮ್ಮ ಕಡೆಯ ಬೋರಿನ ನೀರಿನ ಉಪ್ಪೇ ಗಟ್ಟಿಯಾಗಿ ಆ ತೂತುಗಳನ್ನು ಮುಚ್ಚಿ ಕಾಪಾಡಿತ್ತು. ತೇಜಾಬ್ ಬಿದ್ದದ್ದೇ ಉಪ್ಪು ಕರಗಿತು, ಉಳಿದ ಕಬ್ಬಿಣವೂ ಕರಗಿತು.

ಮಹಾಮಾಯಾ ಮುರಿದ ತುಂಡನ್ನೇ ತಿರುಗಿಸಿ ನೋಡಿದಳು.

"ಅಂದ್ರ... ಪಂಪ್ ಕೂಡಿಸಿದ್ದರಾಗ ತಪ್ಪು ಇರಲಿಲ್ಲೇನ್ರಿ?"

"ಪಂಪಿಂದು ಏನು ತಪ್ಪು? ನಾ ಅವಗ ಅಂದೆ, ಹೋಗಿ ಖರೇ ಹೇಳೋ ಅಂತ. 'ಬ್ಯಾಡ ಚಾಚಾ. ತಾಯಿ ಸಲುವಾಗಿ ಹಾಕ್ಯಾರ. ಯಾತ್ರಾ ತನ್ನ ಕೈಯಿಂದನೇ ಕೆಟ್ಟಿತು ಅಂತ ಗೊತ್ತಾದ್ರ ಆ ಟೀಚರಬಾಯಿ ಉಣ್ಣಂಗಿಲ್ಲ' ಅಂದ. ಹುಚ್ಚ, ದಿವಾನಾ ಅದಾನ."

ಅಷ್ಟಕ್ಕೇ ನಿಲ್ಲಲಿಲ್ಲ ಚಾಚಾ. ಹೊಸದಾಗಿ ಕಟ್ಟುತ್ತಿರುವ ಒಂದು ಬುದ್ಧವಿಹಾರದ ನೀರಿನ ಕೆಲಸ ಇವನಿಗೆ ಬರುವುದಿತ್ತಂತೆ. ತನ್ನ ಜನರ ವಿಹಾರ, ಕೈಯಾರೆ ಮಾಡಬೇಕೆಂದು ಆರು ತಿಂಗಳಿಂದ ಕಾದಿದ್ದನಂತೆ. ಮೊನ್ನೆ ಅವರು ಬಂದು ಬೇಡ ಎಂದು ಹೇಳಿ ಹೋದರಂತೆ.

"ಯಾರೋ ಫೋನಿನಾಗ ಬರದಾರಂತ ಬೇಟಿ, ಇವ ಮೋಸಗಾರ ಅಂತ. ಬರದವರ ಹೆಸರು ಕೇಳಿದ್ರ ಇವ ಹೇಳವಲ್ಲ."

ಯಾರೋ... ಆ ಯಾರೋ ಚಾಚಾರ ಮುಂದೆಯೇ ಸ್ಟೂಲಿನ ಮೇಲೆ ಕೂತಿದ್ದಳು.

*

ಭಾಲ್ಕಿ ದಾಟಿತು. ರಸ್ತೆಯ ಒಂದು ಮಗ್ಗುಲಿಗೆ ರೈತರು ಸೋಯಾ ಹರವಿದ್ದರು. ಗೋರಖನಾಥರು ಬೇಕೆಂದೇ ತೆಗ್ಗುಗಳಲ್ಲಿ ಗಾಡಿ ಇಳಿಸುತ್ತಿದ್ದರು. ಒಳಗೆ ಎಲ್ಲ ನಳ ಬಂದ್. ಕೈಲಾಶ ಕಣ್ಣು ಮುಚ್ಚಿ ಪಂಪಿನ ಪಕ್ಕ ಕೂತಿದ್ದ. ಆ ಮುಖದಲ್ಲಿ ದೂರಿನ ಒಂದು ಗೆರೆಯೂ ಇರಲಿಲ್ಲ.

ಮಹಾಮಾಯಾಗೆ ಆ ಮುಖ ನೋಡಿ ತಡೆಯಲಾಗಲಿಲ್ಲ. 'ಈಗ ಹೇಳದಿದ್ದರೆ ಈ ಜನ್ಮದಲ್ಲಿ ಹೇಳಲಾರೆ.'

"ಅಪ್ಪಾ, ಗಾಡಿ ಜರಾ ನಿಂದ್ರಸ್ರಿ."

ಬೇವಿನ ಮರದ ನೆರಳಲ್ಲಿ ಗಾಡಿ ನಿಂತಿತು. ಅವಳು ಎದ್ದು ನಿಂತು, ತಂದೆಯ ಮುಂದೆ, ತಾಯಿಯ ಮುಂದೆ ಎಲ್ಲವನ್ನೂ ಹೇಳಿದಳು. ಎರಡು ಬಾಟಲಿ ಆಸಿಡ್ ಮಾಡಿದ ಅನಾಹುತ, ಕೈಲಾಶ ತನ್ನ ಮೇಲೆ ಹಾಕಿಕೊಂಡ ತಪ್ಪು, ತಾನು ಗುಂಪಿನಲ್ಲಿ ಬರೆದದ್ದು, ಅವನ ಕೈತಪ್ಪಿದ ವಿಹಾರದ ಕೆಲಸ. ಯಾವುದನ್ನೂ ಬಿಡಲಿಲ್ಲ.

ಗೋರಖನಾಥರು ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತ ಕೂತರು. ಕೈಲಾಶ ತಲೆ ತಗ್ಗಿಸಿದ, ತಪ್ಪು ಸಿಕ್ಕಿಬಿದ್ದದ್ದು ತನ್ನದೇ ಎಂಬಂತೆ.

ಮೊದಲು ಮಾತಾಡಿದವಳು ಜಿಜಾಬಾಯಿ.

"ಆಸಿಡ್ ತಿಳೀದೆ ಹಾಕಿದಿ, ಅದಕ್ಕ ನಾ ಏನೂ ಅನ್ನಂಗಿಲ್ಲ. ಆದರ ಇವನ ಹೆಸರು ತಿಳಿದೇ ಕೆಡಿಸಿದಿ. ಗಯಾಕ್ಕ ಹೋಗಿ ನಾ ಏನಂತ ಕೈ ಮುಗೀಲಿ? ಮೊದಲ ಅದನ್ನ ಸರಿ ಮಾಡು."

ಮಹಾಮಾಯಾ ಫೋನ್ ತೆಗೆದಳು.

"ಬ್ಯಾಡ್ರಿ ಮೇಡಂ," ಕೈಲಾಶ ಎದ್ದೇಬಿಟ್ಟ. "ಟೀಚರ್ ಅದೀರಿ. ಮಂದಿ ನಗ್ತಾರ."

"ನಗಲಿ ಬಿಡ್ರಿ."

ಬರೆಯಲಿಲ್ಲ ಅವಳು. ಬರೆದರೆ ಮುಖ ಮರೆಸಿದ ಹಾಗಾಗುತ್ತದೆ. ಮೈಕಿನ ಗುರುತು ಒತ್ತಿ ಎಲ್ಲರೆದುರೇ ಮಾತಾಡಿದಳು.

"ನಾನು ಗೋರಖನಾಥರ ಮಗಳು ಮಹಾಮಾಯಾ. ಭಾಲ್ಕಿ ಕೈಲಾಶ ಅವರ ಬಗ್ಗೆ ನಾ ಬರೆದದ್ದು ಸುಳ್ಳು. ನಮ್ಮ ಗಾಡಿ ಪೈಪು ಕೆಡಿಸಿದಾಕಿ ನಾನೇ. ಅವರು ಮೋಸಗಾರ ಅಲ್ಲ. ನನ್ನ ತಪ್ಪನ್ನ ತಮ್ಮ ಮ್ಯಾಲ ಹಾಕಿಕೊಂಡು ಐದು ದಿನ ದುಡದಾರ. ಅವರಿಗೂ, ನಿಮಗೆಲ್ಲರಿಗೂ ನಾ ಕೈ ಮುಗಿದು ಕ್ಷಮಾ ಕೇಳ್ತೇನಿ."

ಬೆರಳು ತೆಗೆದಳು. ಹೋಯಿತು.

ಎಷ್ಟು ದಿನದಿಂದ ಹೊತ್ತಿದ್ದಳೋ ಆ ಭಾರ, ಉಸಿರಿನ ಜೊತೆ ಇಳಿಯಿತು. ಗೋರಖನಾಥರು ಗಾಡಿ ಚಾಲೂ ಮಾಡಿದರು. ಕನ್ನಡಿಯಲ್ಲಿ ಮಗಳನ್ನು ನೋಡಿ, ಇನ್ನು ಮುಂದೆ ಬಚ್ಚಲ ತೊಳೆಯುವ ಕೆಲಸ ತಮ್ಮದೇ ಎಂದರು. ಜಿಜಾಬಾಯಿ ಮೊದಲು ನಕ್ಕಳು.

ಔರಾದ ದಾಟಿದ ಮೇಲೆ ಜಿಜಾಬಾಯಿ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದಳು. ಗಾಡಿ ನಿಲ್ಲಿಸಲು ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಒಳಗೆ ನೀರು ಸರಾಗವಾಗಿ ಬಿದ್ದ ಸದ್ದು, ನಿಂತ ಸದ್ದು. ಹೊರಗೆ ಬಂದು ಒಣ ಸೀರೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕಿಟಕಿಯ ಪಕ್ಕ ಕೂತಳು. ಏಳು ವರ್ಷದ ಮೇಲೆ ಮೊದಲ ಸಲ, ಅರ್ಧ ತಾಸಿನ ಲೆಕ್ಕವಿಲ್ಲದೆ ಹೊಲಗಳನ್ನು ನೋಡುತ್ತ ಕೂತಳು.

ಕೈಲಾಶ ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ. ಅವನ ಕಣ್ಣು ತುಂಬಿದ್ದು ಮಹಾಮಾಯಾಗೆ ಮಾತ್ರ ಕಂಡಿತು.

*

ಎಕಂಬಾದ ಹೊಲದಲ್ಲಿ ಅಕ್ಕತಂಗಿಯರು ತೊಗರಿಯ ಬದುವಿನ ಮೇಲೆ ಮಾತಿಗೆ ಕೂತರು. ಗೋರಖನಾಥರು ಟವೆಲ್ ಹಾಸಿ ಅಡ್ಡಾದರು. ಕೈಲಾಶ ಗಾಡಿಯ ಹಲಗೆಗಳನ್ನು ಕೊನೆಯ ಸಲ ಮುಟ್ಟಿ ನೋಡಿ ಇಳಿದ. ಎಲ್ಲ ಒಣಗಿತ್ತು.

ಅಷ್ಟರಲ್ಲಿ ಅವನ ಫೋನ್ ರಿಂಗಣಿಸಿತು. ಎರಡು ಮಾತು ಆಡಿ ಇಟ್ಟ. ವಿಹಾರದವರು. ಸೋಮವಾರದಿಂದ ಕೆಲಸ ನೀನೇ ಶುರು ಮಾಡು ಎಂದರಂತೆ.

ಮಹಾಮಾಯಾ ಗಾಡಿಗೆ ಒರಗಿ ನಿಂತಳು.

"ನಾ ಅಷ್ಟು ಬೈದಾಗ ಒಂದು ಮಾತು ಹೇಳಬಾರದೇನ್ರಿ? ಯಾಕ ಸುಮ್ಮ ಉಳದ್ರಿ?"

"ಮೊದಲ ದಿನ ಮೌಶಿ ಸಲುವಾಗಿ ಸುಮ್ಮಿದ್ದೆರಿ."

"ಆಮ್ಯಾಲ?"

ಅವನು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ತಿರುವಿದ, ಮತ್ತೆ ತಿರುವಿದ.

"ಆಮ್ಯಾಲ... ಖರೇ ಹೇಳಿದ್ರ ನೀವು ನನ್ನ ಮುಖ ನೋಡ್ಲಿಕ್ಕೆ ನಾಚ್ತೀರಿ ಅನಸ್ತು. ಚಹಾ ಕೊಡಲಿಕ್ಕೆ ಬರಂಗಿಲ್ಲ ಅನಸ್ತು. ಬೈಕೋತನಾದ್ರೂ ಬರಲಿ ಅಂತ..."

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ತಡೆಯುವುದೋ ತಿಳಿಯದೆ ಎರಡನ್ನೂ ಬಿಟ್ಟಳು.

"ನಿಮ್ಮನಿಯೊಳಗ ಯಾರ್ಯಾರು ಅದಾರ್ರಿ?"

"ನಾನು, ನಮ್ಮವ್ವ. ಇಬ್ಬರೇ."

"ಅವರು ಗಯಾ ನೋಡ್ಯಾರೇನ್ರಿ?"

"ಇಲ್ಲರಿ. ಕರಕೊಂಡು ಹೋಗ್ತೇನಿ ಅಂತ ಹೇಳ್ಕೋತನೇ ಬಂದೇನಿ."

"ನಮ್ಮ ಗಾಡಿಯೊಳಗ ನಾಲ್ಕು ಹಾಸಿಗಿ ಅವ. ಅಪ್ಪ, ಅವ್ವ, ನಾನು. ಒಂದು ಖಾಲಿ ಅದ."

ಕೈಲಾಶ ತಲೆ ಎತ್ತಿ ಅವಳನ್ನು ನೋಡಿದ.

"ಮತ್ತ ನಾನು? ವಿಹಾರದ್ದು ಕೆಲಸ ಸೋಮವಾರ ಅದಲ್ಲರಿ..."

"ನೀವು ಅದನ್ನ ಮುಗಸ್ರಿ. ನಿಮ್ಮವ್ವನ್ನ ನಮ್ಮ ಸಂಗಾಟ ಕಳಸ್ರಿ. ನಾ ನೋಡ್ಕೋತೇನಿ."

"ದಾರಿಯೊಳಗ ಮಂದಿ ಕೇಳ್ತಾರ, ಇವರು ನಿಮಗ ಏನಾಗಬೇಕು ಅಂತ. ಏನು ಹೇಳ್ತೀರಿ?"

ಮಹಾಮಾಯಾ ತಲೆ ತಗ್ಗಿಸಲಿಲ್ಲ. ಒಂದು ಸಲ ಸುಳ್ಳು ಬರೆದವಳು ಇನ್ನು ಖರೇಗೆ ಯಾಕೆ ಅಂಜಬೇಕು?

"ನಾ ಮದಿವಿ ಆಗೋರ ತಾಯಿ ಅಂತ ಹೇಳ್ತೇನಿ. ನಿಮಗ ಒಪ್ಪಿಗಿ ಇದ್ರ."

ಗಾಳಿಗೆ ತೊಗರಿ ಹೊಲ ಒಮ್ಮೆ ಬಾಗಿ ಎದ್ದಿತು. ಕೈಲಾಶ ಪಾನಾ ನೆಲಕ್ಕಿಟ್ಟು, ಅಂಗಿಗೆ ಕೈ ಒರೆಸಿ, ಫೋನ್ ತೆಗೆದ.

"ಅವ್ವಗ ಹಚ್ಚತೇನಿ. ನಾಡದು ಹೊರಡಬೇಕು, ತಯಾರಿ ಮಾಡಕೋ ಅಂತ. ಮತ್ತ ಏನು ಹೇಳ್ಲಿ... ಮಹಾಮಾಯಾ?"

"ಒಂದು ಚಲೋ ಸೀರಿ ಇಟ್ಟುಕೋಲಿಕ್ಕ ಹೇಳ್ರಿ," ಅಂದಳು ಅವಳು. "ಬೀಗರ ಸಂಗಾಟ ಹೊಂಟಾರ."