‘ನನ್ನ ಸರ್ಕಾರ’ ಅಂದರು ರಾಜರು

"ಕೋಲು ಮೇಲಿದೆಯಾ, ಕೆಳಗಿದೆಯಾ?" ಎಂದು ವಿನಿ ಆಂಟಿ ಕೇಳಿದರು.

"ಕೆಳಗಿದೆ," ಅಂದ ನೆಡ್.

"ಹಾಗಾದ್ರೆ ನಿನ್ನ ಕಾಲು ಯಾಕೆ ರಸ್ತೆ ಮೇಲಿದೆ?"

ಆರು ವರ್ಷದ ನೆಡ್ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಸಾಲದು ಅಂತ ಅವನಕ್ಕ ಹ್ಯಾಟಿ ಅವನ ಬ್ಯಾಗು ಹಿಡಿದು ಇನ್ನೊಂದು ಹೆಜ್ಜೆ ಹಿಂದಕ್ಕೆ ಎಳೆದಳು. ಕಲ್ಲು ತುಂಬಿದ ಲಾರಿಯೊಂದು ಇಳಿಜಾರಿನಲ್ಲಿ ಬರುತ್ತಿತ್ತು.

ಹಳದಿ ಕೋಟು ತೊಟ್ಟ ವಿನಿ ಆಂಟಿ ರಸ್ತೆಯ ನಡುವೆ ಹೋಗಿ ನಿಂತು ಕೋಲು ಎತ್ತಿದರು. ಅದರ ತುದಿಯಲ್ಲಿ ದುಂಡನೆಯ ಹಲಗೆ, ಹಲಗೆಯ ಮೇಲೆ ‘ಸ್ಟಾಪ್’ ಎಂಬ ಬರಹ. ಊರಿನವರೆಲ್ಲ ಅದನ್ನು ಲಾಲಿಪಾಪ್ ಅನ್ನುತ್ತಾರೆ. ಅಷ್ಟು ದೊಡ್ಡ ಲಾರಿ ಆ ಲಾಲಿಪಾಪ್ ನೋಡಿ ಉಸ್ಸೆಂದು ನಿಂತಿತು. ಮಕ್ಕಳು ಸಾಲಾಗಿ ದಾಟಿ ಸ್ಕೂಲಿನ ಗೇಟು ಸೇರಿದರು.

"ಈ ಟರ್ಮ್ ಮುಗಿದ ಮೇಲೆ ನಾನು ಬರಲ್ಲ ಕಣೇ ಹ್ಯಾಟಿ," ಅಂದರು ವಿನಿ ಆಂಟಿ. "ಊರಿನ ಕೌನ್ಸಿಲ್‌ನೋರು ಕಾಗದ ಕಳಿಸಿದಾರೆ. ಈ ಕೆಲಸಕ್ಕೆ ದುಡ್ಡಿಲ್ವಂತೆ."

"ಮತ್ತೆ ಲಾರಿ ನಿಲ್ಸೋದು ಯಾರು?"

"ಅದನ್ನ ಕಾಗದದಲ್ಲಿ ಬರೆದಿಲ್ಲ."

ಸಂಜೆ ಊಟದ ಹೊತ್ತಿಗೆ ಹ್ಯಾಟಿ ಈ ಸುದ್ದಿ ಹೇಳಿದಳು. ಅವಳ ಅಪ್ಪ ಪ್ಲಂಬರ್. ದಿನಕ್ಕೊಂದು ಸಲ ಸರ್ಕಾರವನ್ನು ಬೈಯದಿದ್ದರೆ ಅವನಿಗೆ ತಿಂದದ್ದು ಕರಗುವುದಿಲ್ಲ.

"ಕೌನ್ಸಿಲ್‌ನ ಕೇಳಿದ್ರೆ ಸರ್ಕಾರ ದುಡ್ಡು ಕೊಡ್ಲಿಲ್ಲ ಅಂತಾರೆ. ಸರ್ಕಾರನ ಕೇಳಿದ್ರೆ ಕೌನ್ಸಿಲ್‌ನ ಕೇಳಿ ಅಂತಾರೆ," ಎಂದು ಅವನು ಸಾಸೇಜನ್ನು ಸಿಟ್ಟಿನಿಂದ ಕತ್ತರಿಸಿದ. "ರಾಜರು ಎಲ್ರನ್ನೂ ಮನೆಗೆ ಕಳಿಸ್ಬೇಕು. ಅವ್ರಿಗೆ ಆ ಅಧಿಕಾರ ಇದೆ. ಪಾರ್ಲಿಮೆಂಟ್ ಮುಚ್ಚಿಸಿ ಅಂತ ರಾಜರಿಗೆ ಕಳಿಸೋ ಅರ್ಜಿಯೊಂದು ಫೋನಲ್ಲಿ ಬಂದಿದೆ. ನಾನೂ ಸೈನ್ ಮಾಡ್ದೆ."

"ಒಂದು ಬೆರಳಲ್ಲಿ," ಅಂದಳು ಅಮ್ಮ. "ಪಾಪ, ಎಷ್ಟು ಕಷ್ಟಪಟ್ಟೆಯೋ."

ಹ್ಯಾಟಿಗೆ ಮಾತ್ರ ಅಪ್ಪ ಹೇಳಿದ್ದು ಸರಿಯೆನಿಸಿತು. ಹೋದ ವಾರ ಕ್ಲಾಸಿನಲ್ಲಿ ಮಿಸ್ ಗಾರ್ತ್ ಎಲ್ಲರಿಗೂ ಟಿವಿ ತೋರಿಸಿದ್ದರು. ರಾಜರು ಕಿರೀಟ ತೊಟ್ಟು ಪಾರ್ಲಿಮೆಂಟಿನಲ್ಲಿ ಕುಳಿತು ಭಾಷಣ ಓದಿದ್ದರು. ‘ನನ್ನ ಸರ್ಕಾರ ಹೀಗೆ ಮಾಡುತ್ತದೆ, ನನ್ನ ಸರ್ಕಾರ ಹಾಗೆ ಮಾಡುತ್ತದೆ’ ಎಂದು ಎಷ್ಟು ಸಲ ಹೇಳಿದ್ದರು! ಅವರದೇ ಸರ್ಕಾರ ಅಂದಮೇಲೆ ಅವರ ಮಾತು ಕೇಳಲೇಬೇಕಲ್ಲ?

ಅವಳು ಒಂದು ಹಾಳೆ ತಂದು ಬರೆದಳು:

‘ಪ್ರಿಯ ರಾಜರಿಗೆ, ನೆಡ್ ನನ್ನ ತಮ್ಮ. ಅವನು ಏನಾದರೂ ಮುರಿದರೆ ಅಮ್ಮ ನನ್ನನ್ನೇ ಕರೆದು, ನಿನ್ನ ತಮ್ಮನಿಗೆ ಸ್ವಲ್ಪ ಹೇಳು ಅನ್ನುತ್ತಾಳೆ. ನೀವೂ ನಿಮ್ಮ ಸರ್ಕಾರಕ್ಕೆ ಸ್ವಲ್ಪ ಹೇಳಿ. ನಮ್ಮ ವಿನಿ ಆಂಟಿ ಬೇಕು. ನೆಡ್ ಕಾಲು ಯಾವಾಗಲೂ ರಸ್ತೆ ಮೇಲೆಯೇ ಇರುತ್ತದೆ.’

ಮರುದಿನ ಬೆಳಿಗ್ಗೆ ಅದನ್ನು ಕೆಂಪು ಪೋಸ್ಟ್ ಡಬ್ಬಿಗೆ ಹಾಕಿದಳು. ಡಬ್ಬಿಯ ಮೇಲೂ ಒಂದು ಕಿರೀಟ ಇತ್ತು. ಅದನ್ನು ನೋಡಿ ಅವಳಿಗೆ ಧೈರ್ಯ ಬಂತು.

ಕ್ಲಾಸಿನ ಆರ್ಚಿಗೆ ಇದು ಗೊತ್ತಾಯಿತು. "ಸೋಮವಾರದಿಂದ ರಾಜರೇ ಬರ್ತಾರಂತೆ ಕಣ್ರೋ, ಕಿರೀಟ ಹಾಕ್ಕೊಂಡು ಲಾಲಿಪಾಪ್ ಹಿಡ್ಕೊಳ್ಳೋಕೆ," ಎಂದು ಅವನು ಎಲ್ಲರಿಗೂ ಸಾರಿದ. ಹ್ಯಾಟಿ ಕೇಳಿಸದವಳಂತೆ ಪೆನ್ಸಿಲ್ ಚೂಪು ಮಾಡಿದಳು.

ಮೂರು ವಾರದ ಮೇಲೆ ಉತ್ತರ ಬಂತು. ದಪ್ಪ ಕಾಗದ. ಅರಮನೆಯ ಯಾರೋ ಅಧಿಕಾರಿ ಬರೆದಿದ್ದರು. ‘ರಾಜರಿಗೆ ನಿನ್ನ ಪತ್ರ ತಲುಪಿದೆ. ಆದರೆ ಸಂವಿಧಾನದ ಪ್ರಕಾರ ಅವರು ಮಂತ್ರಿಗಳ ಸಲಹೆಯಂತೆ ನಡೆಯಬೇಕು. ಇಂಥ ವಿಷಯದಲ್ಲಿ ಅವರು ತಲೆಹಾಕುವಂತಿಲ್ಲ.’

ಹ್ಯಾಟಿಗೆ ಅಳು ಬಂತು. ಟರ್ಮ್ ಮುಗಿಯಲು ಎರಡೇ ವಾರ ಉಳಿದಿತ್ತು. ಕಾಗದವನ್ನು ಮಿಸ್ ಗಾರ್ತ್ ಮುಂದೆ ಇಟ್ಟಳು.

"ಮಿಸ್, ‘ನನ್ನ ಸರ್ಕಾರ’ ಅಂತ ಅವರೇ ಹೇಳಿದ್ರಲ್ಲ?"

"ಹೇಳಿದ್ರು. ಆದ್ರೆ ಆ ಭಾಷಣ ಬರೆದದ್ದು ಸರ್ಕಾರದೋರು. ಬರೆದುಕೊಟ್ಟದ್ದನ್ನ ರಾಜರು ಓದ್ತಾರೆ."

"ಇಷ್ಟ ಇಲ್ದೇ ಇದ್ರೂ?"

"ಇಷ್ಟ ಇಲ್ದೇ ಇದ್ರೂ."

ಹ್ಯಾಟಿಗೆ ಹೋದ ಕ್ರಿಸ್ಮಸ್ ನಾಟಕ ನೆನಪಾಯಿತು. ಅದರಲ್ಲಿ ಹಸುಗೂಸನ್ನು ನೋಡಲು ಬರುವ ಮೂವರು ರಾಜರ ಪಾತ್ರಗಳಲ್ಲಿ ಒಂದು ಅವಳದು. ಬಂಗಾರದ ಬಣ್ಣದ ಕಿರೀಟ ಇತ್ತು, ಮಿಸ್ ಬರೆದುಕೊಟ್ಟ ಒಂದೇ ಒಂದು ಸಾಲು ಇತ್ತು. ಕಾಲು ತುರಿಸುತ್ತಿದ್ದರೂ ಕೆರೆದುಕೊಳ್ಳುವಂತಿರಲಿಲ್ಲ. ಅವಳಿಗೆ ಅರಮನೆಯ ರಾಜರನ್ನು ನೆನೆದು ಪಾಪ ಅನಿಸಿತು.

"ಹಾಗಾದ್ರೆ ಸರ್ಕಾರ ಯಾರದು ಮಿಸ್?"

"ವೋಟು ಹಾಕಿ ಆರಿಸಿದೋರದು. ಕೌನ್ಸಿಲ್ಲೂ ಅಷ್ಟೆ. ಮಂಗಳವಾರ ಅವರ ಮೀಟಿಂಗ್ ಇದೆ. ಮೊದಲೇ ಹೆಸರು ಕೊಟ್ರೆ ಊರಿನೋರು ಯಾರು ಬೇಕಾದ್ರೂ ಮೂರು ನಿಮಿಷ ಮಾತಾಡಬಹುದು."

ಮನೆಗೆ ಹೋದವಳೇ ಹ್ಯಾಟಿ ಅಪ್ಪನ ಮುಂದೆ ನಿಂತಳು. "ಮಂಗಳವಾರ ನನ್ನನ್ನ ಕೌನ್ಸಿಲ್ ಮೀಟಿಂಗ್‌ಗೆ ಕರ್ಕೊಂಡು ಹೋಗು."

"ದಂಡ ಕಣೇ. ಆ ಜನಕ್ಕೆ ಕಿವಿನೇ ಇಲ್ಲ."

"ಮೇ ತಿಂಗಳ ಕೌನ್ಸಿಲ್ ಚುನಾವಣೇಲಿ ನೀನು ವೋಟು ಹಾಕಿದ್ಯಾ?"

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಕೆಟಲ್ ಕಡೆ ನೋಡಿದಳು.

"ಅವತ್ತು ಯಾರದೋ ಮನೆ ಬಾಯ್ಲರ್ ಕೆಟ್ಟಿತ್ತು," ಅಂದ ಅಪ್ಪ.

"ರಾತ್ರಿ ಹತ್ತರ ತನಕ ವೋಟಿತ್ತು ಅಪ್ಪ. ನಮ್ಮ ಸ್ಕೂಲಲ್ಲೇ ಇತ್ತು. ಅದಕ್ಕೇ ನಮಗೆ ರಜ ಕೊಟ್ಟಿದ್ರು."

ಅಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ.

"ರಾಜರು ವೋಟು ಹಾಕಲ್ಲ. ನೀನು ಹಾಕಬಹುದು. ಮತ್ತೆ ನೀನ್ಯಾಕೆ ಅವರಿಗೆ ಅರ್ಜಿ ಕಳಿಸಿದೆ?"

ಆವತ್ತು ಅಪ್ಪ ಸರ್ಕಾರವನ್ನು ಬೈಯದೆಯೇ ಊಟ ಮುಗಿಸಿದ. ಆಮೇಲೆ ಕೌನ್ಸಿಲ್ ಆಫೀಸಿಗೆ ಬರೆದು ಹ್ಯಾಟಿಯ ಹೆಸರು ಕೊಟ್ಟ. ಮಂಗಳವಾರ ಕೆಲಸದಿಂದ ಬೇಗ ಬಂದು, ಒಂದು ಹಾಳೆಯ ತುಂಬ ಬರೆದದ್ದನ್ನು ಅವಳ ಕೈಗಿಟ್ಟ.

"ಇದನ್ನ ಓದು. ಚೆನ್ನಾಗಿ ಬಿಸಿ ಮುಟ್ಟಿಸಿದೀನಿ."

ಕೌನ್ಸಿಲ್ ಹಾಲ್‌ನಲ್ಲಿ ಊರಿನವರು ಬೆರಳೆಣಿಕೆಯಷ್ಟು ಮಂದಿ. ಉದ್ದನೆಯ ಮೇಜಿನ ಆಚೆ ಹನ್ನೆರಡು ಜನ ಸದಸ್ಯರು ಟೀ ಕುಡಿಯುತ್ತ ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಹ್ಯಾಟಿಯ ಹೆಸರು ಕರೆದರು. ಅವಳು ಮೈಕ್ ಮುಂದೆ ನಿಂತರೂ ಅವರ ಮಾತು ನಿಲ್ಲಲಿಲ್ಲ.

ಅಷ್ಟರಲ್ಲಿ ಒಬ್ಬ ಸದಸ್ಯರು ಹಾಲ್‌ನ ಹಿಂಬದಿಗೆ ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡರು. ಪಕ್ಕದವರೂ ನೋಡಿ ಸುಮ್ಮನಾದರು. ಹ್ಯಾಟಿ ತಿರುಗಿದಳು. ಹಿಂದಿನ ಸಾಲಿನಲ್ಲಿ ವಿನಿ ಆಂಟಿ ಹಳದಿ ಕೋಟು ತೊಟ್ಟು, ಲಾಲಿಪಾಪ್ ಎತ್ತಿ ಹಿಡಿದು ನಿಂತಿದ್ದರು. ಕೆಲವರು ನಕ್ಕರು. ಆಮೇಲೆ ಹಾಲ್ ಪೂರ್ತಿ ಸದ್ದಡಗಿತು.

ಹ್ಯಾಟಿ ಅಪ್ಪನ ಹಾಳೆಯನ್ನು ನೋಡಿದಳು. ಮೊದಲ ಸಾಲಿನಲ್ಲಿ ‘ನಿಮ್ಮ ಕೌನ್ಸಿಲ್’ ಎಂದಿತ್ತು. ಅವಳು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

"ನನ್ನ ಕೌನ್ಸಿಲ್‌ಗೆ ನಾನೊಂದು ವಿಷಯ ಹೇಳ್ಬೇಕು," ಎಂದು ಶುರು ಮಾಡಿದಳು.